ಉಬ್ಬರದ ಹೊತ್ತು, ಮೀಟಿಂಗ್ ಹೊತ್ತು

ಸದ್ದಿಲ್ಲದ ಜಾಗ ಬೇಕೆಂದು ನಗರ ಬಿಟ್ಟು ಬಂದವಳಿಗೆ ಮೂರನೆಯ ದಿನವೇ, ಬೆಳಗಿನ ಹನ್ನೊಂದು ಗಂಟೆಗೆ, ಸುತ್ತಿಗೆಯ ಸದ್ದು ಕುರ್ಚಿಯ ಕೆಳಗಿನಿಂದಲೇ ಎದ್ದು ಬಂತು.

ಟಕ್. ಟಕ್ ಟಕ್. ಟಕ್.

ಲ್ಯಾಪ್‌ಟಾಪಿನ ಪರದೆಯ ಮೇಲೆ ಏಳು ಮುಖಗಳು ಒಟ್ಟಿಗೇ ಹುಬ್ಬು ಗಂಟಿಕ್ಕಿದವು. "ಏನ್ರೀ, ನಿಮ್ಮನೇಲಿ ಯಾರೋ ಮೊಳೆ ಹೊಡೀತಿದ್ದಾರಾ?" ಎಂದರು ಮ್ಯಾನೇಜರ್.

"ಒಂದೇ ನಿಮಿಷ ಸರ್," ಎಂದು ಮೈಕು ಮುಚ್ಚಿ ಅವಳು ದಡದಡನೆ ಮೆಟ್ಟಿಲಿಳಿದಳು. ಮೇಲೆ ಇಸ್ತ್ರಿ ಮಾಡಿದ ಆಫೀಸಿನ ಶರ್ಟು, ಕೆಳಗೆ ಹೂವಿನ ಪೈಜಾಮ. ಕ್ಯಾಮೆರಾಕ್ಕೆ ಸೊಂಟದವರೆಗೆ ಮಾತ್ರ ಕಾಣುತ್ತದೆ ಎಂಬ ಧೈರ್ಯದಲ್ಲಿ ಬದುಕುವವರ ಉಡುಪು ಅದು.

ಮನೆಯ ಹಿಂದೆ ಒಂದು ಶೆಡ್ಡು, ಶೆಡ್ಡಿನಲ್ಲಿ ಹೊಟ್ಟೆ ಮೇಲೆ ಮಾಡಿ ಮಲಗಿಸಿದ ಒಂದು ದೋಣಿ, ದೋಣಿಯ ಪಕ್ಕದಲ್ಲಿ ಮಂಡಿಯೂರಿ ಕುಳಿತ ಒಬ್ಬ ಮನುಷ್ಯ. ನೀರು ಒಸರದಂತೆ ಹಲಗೆಗಳ ಸಂದಿಗೆ ಹತ್ತಿ ತುರುಕಿ ಬಡಿಯುತ್ತಿದ್ದ. ಕಿವಿಯ ಮೇಲೆ ಪೆನ್ಸಿಲು, ಹುಬ್ಬಿನ ತುಂಬ ಮರದ ಪುಡಿ.

"ರೀ, ಸ್ವಲ್ಪ ನಿಲ್ಲಿಸ್ತೀರಾ? ಮೇಲೆ ಮೀಟಿಂಗ್ ನಡೀತಿದೆ."

ಅವನು ಸುತ್ತಿಗೆ ಕೆಳಗಿಟ್ಟ. ಮೊದಲು ಅವಳ ಶರ್ಟು ನೋಡಿದ, ಆಮೇಲೆ ಪೈಜಾಮ ನೋಡಿದ, ಆಮೇಲೆ ನಗು ಬಾರದಿರಲೆಂದು ದೋಣಿಯ ಕಡೆ ನೋಡಿದ. "ಹನ್ನೊಂದೂವರೆಗೆ ಉಬ್ಬರ ಮೇಡಂ. ನೀರು ಶೆಡ್ಡಿನ ತನಕ ಬರುತ್ತೆ, ಅಷ್ಟರೊಳಗೆ ಈ ಬದಿ ಮುಗೀಬೇಕು."

"ನನ್ನ ಮೀಟಿಂಗ್ ಹನ್ನೊಂದಕ್ಕೇ ಇರೋದು."

"ಮೀಟಿಂಗ್ ಮುಂದಕ್ಕೆ ಹಾಕಬಹುದು. ಉಬ್ಬರ ಮುಂದಕ್ಕೆ ಹಾಕೋಕಾಗುತ್ತಾ?"

ಅವಳು ಮುಖ ಊದಿಸಿಕೊಂಡು ಮೆಟ್ಟಿಲೇರಿದಳು. ಹಿಂದಿನಿಂದ ಮತ್ತೆ ಟಕ್ ಟಕ್ ಶುರುವಾಯಿತು. ಈ ಸಲ ಸ್ವಲ್ಪ ಮೆತ್ತಗೆ ಬಡಿಯುತ್ತಿದ್ದಾನೆ ಎಂಬುದನ್ನು ಅವಳು ಗಮನಿಸಿದಳು. ಆದರೆ ಕೋಪ ಕಡಿಮೆ ಮಾಡಿಕೊಳ್ಳುವ ಮನಸ್ಸಿರಲಿಲ್ಲ.

ಕೋಪಕ್ಕೆ ಕಾರಣವೂ ಇತ್ತೆನ್ನಿ. ಮಿಕ್ಸಿಯನ್ನೋ ಇಸ್ತ್ರಿಪೆಟ್ಟಿಗೆಯನ್ನೋ ಕೊಂಡಾಗ ಡಬ್ಬಿಯೊಳಗೆ ಒಂದು ಸಣ್ಣ ಪುಸ್ತಕ ಇರುತ್ತದಲ್ಲ, ಜನ ಬಿಚ್ಚಿದ ಕೂಡಲೇ ಮೂಲೆಗೆಸೆಯುವ ಪುಸ್ತಕ, ಅದನ್ನು ಬರೆಯುವುದು ಅವಳ ಕೆಲಸ. ಹತ್ತು ವರ್ಷ ನಗರದಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬಂದು, ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಕಾಣುವ ಆಫೀಸಿನಲ್ಲಿ ಕುಳಿತು ಅದನ್ನೇ ಬರೆದಿದ್ದಳು. ಬರೆಯುವುದನ್ನು ಎಲ್ಲಿ ಕೂತು ಬರೆದರೇನು ಎಂದು ಮ್ಯಾನೇಜರ್ ಬೆನ್ನು ಹತ್ತಿ, ಕಾಡಿ ಬೇಡಿ, ಕಡಲ ತೀರದ ಈ ಸಣ್ಣ ಊರಿನಲ್ಲಿ ಮೂರು ತಿಂಗಳು ಇರಲು ಒಪ್ಪಿಗೆ ಪಡೆದಿದ್ದಳು. ಮೂರು ತಿಂಗಳ ಕೊನೆಗೆ ಒಂದು ಮೀಟಿಂಗ್. ಅಲ್ಲಿ ಎಲ್ಲ ಸರಿಯಿದೆ ಎಂದು ತೀರ್ಮಾನವಾದರೆ ಇಲ್ಲೇ ಖಾಯಂ. ಇಲ್ಲವಾದರೆ ಗಂಟುಮೂಟೆ ಕಟ್ಟಿ ವಾಪಸ್, ಮತ್ತೆ ಆ ಗೋಡೆಯೇ ಗತಿ.

"ಅವನು ನನ್ನ ತಂಗಿ ಮಗ ಕಣಮ್ಮ," ಎಂದರು ಮನೆಯೊಡತಿ ಟೀಚರಮ್ಮ. ಮೂವತ್ತೈದು ವರ್ಷ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಊರಿಡೀ ಅವರನ್ನು ಕರೆಯುವುದೇ ಹಾಗೆ. "ಒಳ್ಳೇ ಹುಡುಗ. ಮೂವತ್ತಾರಾಯ್ತು. ದೋಣಿ ಬಿಟ್ರೆ ಬೇರೆ ಪ್ರಪಂಚ ಇಲ್ಲ. ಎಲ್ರೂ ಮೇಸ್ತ್ರಿ ಅಂತಾರೆ. ಅವನ ಹತ್ರ ಬಾಯಲ್ಲಿ ಹೇಳಿದ್ರೆ ಪ್ರಯೋಜನ ಇಲ್ಲ. ಬರೆದು ಕೊಡು."

ಬರೆದು ಕೊಡುವುದೇ ತಾನೇ ಅವಳಿಗೆ ಬರುವ ವಿದ್ಯೆ. ಅಂದೇ ಮಧ್ಯಾಹ್ನ ಕುಳಿತು ಏಳು ಹಂತಗಳ ಒಂದು ಸೂಚನಾಪಟ್ಟಿ ಬರೆದಳು. ಮೇಸ್ತ್ರಿಯ ಫೋನಿನಲ್ಲಿ ಒಂದು ಕ್ಯಾಲೆಂಡರ್ ಹಾಕಿಕೊಟ್ಟಳು. ಅವಳ ಮೀಟಿಂಗಿನ ಹೊತ್ತು ಬಂದಾಗ ಅಲ್ಲೊಂದು ಕೆಂಪು ಚೌಕ ಬರುತ್ತದೆ. ಒಂದು, ಬೆಳಿಗ್ಗೆ ಕ್ಯಾಲೆಂಡರ್ ನೋಡಿ. ಎರಡು, ಫೋನಿನ ಸದ್ದು ಪೂರ್ತಿ ಇಳಿಸಿ. ಮೂರು, ಕೆಂಪು ಚೌಕ ಬಂದಾಗ ಬಡಿಯುವುದನ್ನು ನಿಲ್ಲಿಸಿ. ನಾಲ್ಕು, ನೋಡಿದ್ದೀರೆಂದು ನನಗೆ ಗೊತ್ತಾಗಲು ಚೌಕವನ್ನು ಒಮ್ಮೆ ಒತ್ತಿ. ಐದು, ಫೋನು ಏನು ಕೇಳಿದರೂ ಒಪ್ಪಿಗೆ ಕೊಡಿ. ಆರು, ಕಣ್ಣಿಗೆ ಕಾಣುವಂತೆ ಫೋನನ್ನು ಎದುರಿಗೆ ನಿಲ್ಲಿಸಿ. ಏಳು, ಚೌಕ ಮಾಯವಾದ ಮೇಲೆ ಬೇಕಾದಷ್ಟು ಬಡಿದುಕೊಳ್ಳಿ.

ಏಳನೆಯದರಲ್ಲಿ ಸ್ವಲ್ಪ ಸಿಟ್ಟು ಬೆರೆತಿತ್ತು. ಹಾಗೇ ಬಿಟ್ಟಳು.

ಮೇಸ್ತ್ರಿ ಅದನ್ನು ತುಟಿ ಅಲ್ಲಾಡಿಸುತ್ತ ಎರಡು ಸಲ ಓದಿದ. ಶೆಡ್ಡಿನ ಕಂಬಕ್ಕೆ ಅಂಟಿಸಿದ. ಮರುದಿನ ಬೆಳಿಗ್ಗೆ ಏಳು ಗಂಟೆಗೆ ಅವಳ ಕಿಟಕಿಯ ಕೆಳಗೆ ನಿಂತು ಕೂಗಿದ.

"ಕೈಪಿಡಿ ಮೇಡಂ! ಮೂರನೇದ್ರಲ್ಲಿ ಬಡಿಯೋದು ಅಂತ ಮಾತ್ರ ಇದೆ. ಉಜ್ಜಬಹುದಾ?"

"ಏನನ್ನ?"

"ಹಲಗೇನ. ಮರಳು ಕಾಗದದಲ್ಲಿ."

"ಉಜ್ಜಬೇಡಿ!"

"ಗರಗಸ?"

"ರೀ! ಸದ್ದು ಬರೋದು ಯಾವುದೂ ಬೇಡ!"

"ಹಾಗಂತ ಬರೀಬೇಕಿತ್ತು," ಎಂದು ಕಿವಿಯ ಮೇಲಿನ ಪೆನ್ಸಿಲು ತೆಗೆದು ಕಂಬದ ಬಳಿ ಹೋದ. ಅವಳು ಕಿಟಕಿಯ ಸರಳಿಗೆ ಹಣೆ ಚಚ್ಚಿಕೊಂಡಳು. ಹತ್ತು ವರ್ಷದಲ್ಲಿ ತನ್ನ ಬರಹದ ಮೇಲೆ ತಿದ್ದುಪಡಿ ಹಾಕಿದ ಮೊದಲ ಓದುಗ ಇವನೇ ಎಂಬುದು ಆಮೇಲೆ ನೆನಪಾಗಿ, ಒಬ್ಬಳೇ ನಕ್ಕಳು.

ಹೀಗೆ ಶುರುವಾದ ಜಗಳ ಸಲೀಸಾಗಿ ಮುಗಿಯಲಿಲ್ಲ. ಉಬ್ಬರದ ಹೊತ್ತು ದಿನಕ್ಕೆ ಐವತ್ತು ನಿಮಿಷ ಮುಂದೆ ಸರಿಯುತ್ತದೆ. ಮೀಟಿಂಗಿನ ಹೊತ್ತು ಮ್ಯಾನೇಜರ್ ಮನಸ್ಸು ಬಂದಂತೆ ಸರಿಯುತ್ತದೆ. ಎರಡನ್ನೂ ಹೊಂದಿಸುವುದಕ್ಕೆ ಟೀಚರಮ್ಮ ಅಡುಗೆಮನೆಯ ಗೋಡೆಗೆ ದೊಡ್ಡದೊಂದು ಚಾರ್ಟು ಅಂಟಿಸಿ, ಕೆಂಪು ನೀಲಿ ಗೆರೆ ಎಳೆದು, ಇಬ್ಬರನ್ನೂ ದಿನಾ ಬೆಳಿಗ್ಗೆ ಅದರ ಮುಂದೆ ನಿಲ್ಲಿಸತೊಡಗಿದರು. ಟೀ ಲೋಟ ಹಿಡಿದು ಇಬ್ಬರೂ ತಪ್ಪು ಮಾಡಿದ ಮಕ್ಕಳಂತೆ ನಿಲ್ಲುತ್ತಿದ್ದರು.

"ಇವತ್ತು ನಾಲ್ಕರಿಂದ ಐದು ನಂದು," ಎನ್ನುತ್ತಿದ್ದಳು ಅವಳು.

"ನಾಲ್ಕೂಕಾಲಿಗೆ ನೀರು ಬರುತ್ತೆ. ಕಾಲು ಗಂಟೆ ಬಿಡಿ."

"ಬಿಡಲ್ಲ."

"ನಿಮ್ಮ ಮ್ಯಾನೇಜರ್‌ನ ಒಂದ್ಸಲ ಇಲ್ಲಿಗೆ ಕರೆಸಿ. ನೀರಿನ ಹತ್ರ ಅವರೇ ಮಾತಾಡ್ಕೊಳ್ಳಲಿ."

ಹೇಳುವಾಗ ಅವನು ಅವಳತ್ತ ನೋಡುತ್ತಿರಲಿಲ್ಲ. ಲೋಟದ ಅಂಚಿನ ಮೇಲಿಂದ, ಚಾರ್ಟನ್ನೇ ನೋಡುವವನಂತೆ, ಅವಳ ಮೂಗಿನ ತುದಿ ಕೆಂಪಾಗುವುದನ್ನು ಕಾಯುತ್ತಿದ್ದ. ಅದು ಕೆಂಪಾದ ಕೂಡಲೇ ಟೀ ಮುಗಿಸಿ ಹೊರಡುತ್ತಿದ್ದ. ಬೇಕೆಂದೇ ಕೆಣಕುತ್ತಾನೆ ಎಂದು ತಿಳಿಯುವುದಕ್ಕೆ ಅವಳಿಗೆ ಎರಡು ವಾರ ಹಿಡಿಯಿತು, ತಿಳಿದ ಮೇಲೆ ಇನ್ನಷ್ಟು ಸಿಟ್ಟು ಬಂತು. ಆದರೆ ಟೀ ಕುಡಿಯಲು ಇಳಿಯುವ ಮುಂಚೆ ತಲೆ ಬಾಚಿಕೊಳ್ಳುವ ಅಭ್ಯಾಸ ಆ ವಾರದಿಂದಲೇ ಶುರುವಾದದ್ದು ಸುಳ್ಳಲ್ಲ.

ಒಂದು ಸಂಜೆ ಕೆಲಸ ಮುಗಿಸಿ ಶೆಡ್ಡಿನ ಮುಂದೆ ಹಾದುಹೋಗುವಾಗ ಅವನು ಕರೆದ. ಕೈಯಲ್ಲಿ ಒಂದು ಸಣ್ಣ ಪುಸ್ತಕ. ಅವಳದೇ ಕಂಪನಿಯ ಇಸ್ತ್ರಿಪೆಟ್ಟಿಗೆಯದು.

"ದೊಡ್ಡಮ್ಮನ ಬೀರುವಿನಲ್ಲಿ ಸಿಕ್ತು. ನೀವೇ ಬರೆದಿದ್ದಾ?"

"ಹೌದು. ಯಾಕೆ, ಅದರಲ್ಲೂ ತಪ್ಪಿದೆಯಾ?"

"ಇಲ್ಲ," ಎಂದ. ಒಂಬತ್ತನೆಯ ಪುಟ ತೆರೆದ. "ಇಲ್ಲಿ, 'ಬಿಸಿ ಆರುವವರೆಗೆ ಕಾಯಿರಿ, ಮಕ್ಕಳಿರುವ ಮನೆಯಲ್ಲಿ ಇನ್ನೂ ಸ್ವಲ್ಪ ಹೊತ್ತು ಕಾಯಿರಿ' ಅಂತಿದೆ. ಎಷ್ಟು ನಿಮಿಷ ಅಂತ ಇಲ್ಲ. ನಂಗೆ ಇಷ್ಟ ಆಯ್ತು."

ಆ ಸಾಲನ್ನು ತೆಗೆದುಹಾಕಿ ಎಂದು ಮ್ಯಾನೇಜರ್ ಮೂರು ಸಲ ಹೇಳಿದ್ದರು. ಅವಳು ಮೂರು ಸಲವೂ ಕಿವಿ ಮೇಲೆ ಹಾಕಿಕೊಂಡಿರಲಿಲ್ಲ. ಹತ್ತು ವರ್ಷದಲ್ಲಿ ಆ ಸಾಲನ್ನು ಓದಿ ಮೆಚ್ಚಿದ ಮನುಷ್ಯ ಇವನೊಬ್ಬನೇ. ಏನಾದರೂ ಚೆಂದದ ಮಾತು ಹೇಳಬೇಕೆಂದುಕೊಂಡವಳು, "ಹುಬ್ಬಿನ ಮೇಲೆ ಪುಡಿ ಇದೆ, ಒರೆಸ್ಕೊಳ್ಳಿ," ಎಂದು ಹೇಳಿ ನಡೆದುಬಿಟ್ಟಳು. ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡಳು.

ನಗರದಿಂದ ಅಕ್ಕ ಫೋನು ಮಾಡಿದಾಗಲೆಲ್ಲ ಅದೇ ರಾಗ. "ಇನ್ನೂ ಆ ಬಡಗಿ ಜೊತೆ ಜಗಳಾನಾ? ದಿನಾ ಅವನದೇ ಸುದ್ದಿ ಹೇಳ್ತೀಯಲ್ಲೇ. ಸಮುದ್ರದ ಬಗ್ಗೆ ಒಂದು ಮಾತಾದ್ರೂ ಆಡಿದ್ದೀಯಾ?"

"ಸಮುದ್ರ ನನ್ನ ಮೀಟಿಂಗ್ ಹಾಳು ಮಾಡ್ತಿಲ್ಲ ಅಕ್ಕ."

"ಹೂಂ," ಎಂದಳು ಅಕ್ಕ. ಅಷ್ಟು ಉದ್ದದ ಹೂಂ ಅವಳಿಗೆ ಸ್ವಲ್ಪವೂ ಹಿಡಿಸಲಿಲ್ಲ.

ಮೂರು ತಿಂಗಳು ಕಳೆದು ತೀರ್ಮಾನದ ದಿನ ಬಂತು. ಹನ್ನೊಂದರಿಂದ ಹನ್ನೆರಡು, ಮ್ಯಾನೇಜರ್ ಜೊತೆಗೆ ಡೈರೆಕ್ಟರ್ ಮೇಡಂ. ಹಿಂದಿನ ದಿನ ಮ್ಯಾನೇಜರ್ ಕಳಿಸಿದ ಮೀಟಿಂಗಿನ ಕರೆಯನ್ನು ಅವಳು ಗಾಬರಿಯಲ್ಲಿ ಹಾಗೇ ಮೇಸ್ತ್ರಿಗೂ ದಾಟಿಸಿದಳು. ಬೇರೆ ದಿನ ಅವಳು ಕಳಿಸುತ್ತಿದ್ದದ್ದು ಹೊತ್ತು ಗೊತ್ತಾಗುವ ಬರೀ ಚೌಕ. ಒತ್ತಿದರೆ ಅವನು ನೋಡಿದ್ದು ಅವಳಿಗೆ ಗೊತ್ತಾಗುತ್ತಿತ್ತು, ಅಷ್ಟೇ. ಈ ಚೌಕದೊಳಗೆ ಮೀಟಿಂಗಿಗೆ ಬಾಗಿಲೇ ಇತ್ತು. ಅದು ಅವಳ ತಲೆಗೆ ಹೊಳೆಯಲಿಲ್ಲ.

ಬೆಳಿಗ್ಗೆ ಟೀಗೆ ಇಳಿದಾಗ ಟೀಚರಮ್ಮ ಕೆಲಸದ ಮೇಲೆ ಹೊರಗೆ ಹೋಗಿದ್ದರು. ಚಾರ್ಟಿಗೆ ಅಡ್ಡವಾಗಿ ಮೇಸ್ತ್ರಿ ನಿಂತಿದ್ದ. "ಉಬ್ಬರ ಇವತ್ತು ಎರಡು ಗಂಟೆಗೆ. ನಿಮ್ಮ ಮೀಟಿಂಗ್ ಆರಾಮಾಗಿ ಮುಗಿಸ್ಕೊಳ್ಳಿ," ಎಂದ.

"ನಿಜವಾಗ್ಲೂ?"

"ನಾನು ಯಾವತ್ತಾದ್ರೂ ಸುಳ್ಳು ಹೇಳಿದ್ದೀನಾ?"

ಹೇಳಿರಲಿಲ್ಲ. ಅದಕ್ಕೇ ಅವಳು ನಂಬಿದಳು.

ಮೀಟಿಂಗ್ ಚೆನ್ನಾಗಿಯೇ ಶುರುವಾಯಿತು. ಮೂರು ತಿಂಗಳಲ್ಲಿ ಹನ್ನೆರಡು ಕೈಪಿಡಿ ಮುಗಿಸಿದ್ದೇನೆ ಎಂದು ಅವಳು ಹೇಳುತ್ತಿದ್ದಾಗ ಪರದೆಯ ಮೇಲೆ ಇನ್ನೊಂದು ಕಿಟಕಿ ತೆರೆದುಕೊಂಡಿತು. ಮೊದಲು ಒಂದು ಹೆಬ್ಬೆರಳು. ಆಮೇಲೆ ಒಂದು ಮೂಗಿನ ಹೊಳ್ಳೆ. ಆಮೇಲೆ ಫೋನು ಎಲ್ಲಿಗೋ ಒರಗಿ, ಶೆಡ್ಡು, ಇಳಿಸಲು ಸಿದ್ಧವಾಗಿ ದಿಮ್ಮಿಗಳ ಮೇಲೆ ಕುಳಿತ ದೊಡ್ಡ ದೋಣಿ, ಅದರ ಮುಂದೆ ಕೈ ಕಟ್ಟಿ ಕುಳಿತ ಮೇಸ್ತ್ರಿ. ನಾಲ್ಕನೇ ಹಂತ, ಐದನೇ ಹಂತ, ಆರನೇ ಹಂತ. ಒಂದನ್ನೂ ಬಿಟ್ಟಿರಲಿಲ್ಲ ಪುಣ್ಯಾತ್ಮ.

"ಇವರು ಯಾರು?" ಎಂದರು ಡೈರೆಕ್ಟರ್ ಮೇಡಂ.

ಅವಳು ಪರದೆಯತ್ತ ಬಾಗಿದಳು. "ಮೇಸ್ತ್ರಿ! ರೀ, ಫೋನ್ ಆಫ್ ಮಾಡಿ!" ಎಂದಳು. ಅವನಿಗೆ ಹೇಗೆ ಕೇಳಬೇಕು? ಎರಡನೇ ಹಂತದ ಪ್ರಕಾರ ಫೋನಿನ ಸದ್ದು ಪೂರ್ತಿ ಇಳಿದಿತ್ತು. ಅವನ ಮಾತು ಮಾತ್ರ ಈ ಕಡೆ ಗಂಟೆ ಹೊಡೆದ ಹಾಗೆ ಕೇಳುತ್ತಿತ್ತು.

ಅಷ್ಟರಲ್ಲಿ ಟೀಚರಮ್ಮ ಆ ಚೌಕಟ್ಟಿನೊಳಕ್ಕೆ ನುಗ್ಗಿದರು. "ಏನೋ ಇದು? ಹನ್ನೊಂದೂಕಾಲು ಆಯ್ತು, ನೀರು ತುಂಬಿದೆ. ಇಪ್ಪತ್ತು ಜನ ಹಗ್ಗ ಹಿಡ್ಕೊಂಡು ಸುಮ್ನೆ ನಿಂತಿದ್ದಾರೆ. ಇಳಿಸೋ!"

"ಹನ್ನೆರಡರ ತನಕ ಬೇಡ ದೊಡ್ಡಮ್ಮ. ಮೇಲೆ ಅವಳ ಮೀಟಿಂಗ್. ಇಪ್ಪತ್ತು ಜನ ಕೂಗಿದ್ರೆ ಊರೆಲ್ಲ ಕೇಳುತ್ತೆ."

"ಹನ್ನೆರಡಕ್ಕೆ ನೀರು ಇಳಿದಿರುತ್ತೆ. ಈ ಹುಣ್ಣಿಮೆ ಉಬ್ಬರದಲ್ಲಿ ಇವತ್ತೇ ಕೊನೇ ದಿನ. ನಾಳೆಗೆ ಒಂದು ಗೇಣು ಕಡಿಮೆ ಬರುತ್ತೆ, ದೋಣಿ ತೇಲಲ್ಲ. ಇನ್ನು ಅಮಾವಾಸ್ಯೆವರೆಗೆ ಎರಡು ವಾರ ಕಾಯ್ಬೇಕು! ದೋಣಿಯವರಿಗೆ ಏನಂತ ಹೇಳ್ತೀಯ?"

"ಬೈತಾರೆ, ಬೈಸ್ಕೋತೀನಿ." ಅವನು ಅಂಗೈಯಿಂದ ಮುಖ ಉಜ್ಜಿಕೊಂಡ. "ಇವತ್ತು ಅವಳ ಕೆಲಸ ಕೆಟ್ರೆ ಅವಳು ಹೊರಟುಹೋಗ್ತಾಳೆ ದೊಡ್ಡಮ್ಮ. ದೋಣಿ ಎರಡು ವಾರ ಬಿಟ್ಟಾದ್ರೂ ಇಳಿಯುತ್ತೆ. ಅವಳು ಹೋದ್ರೆ ವಾಪಸ್ ಬರ್ತಾಳಾ?"

ಮ್ಯಾನೇಜರ್ ಕೆಮ್ಮಿದರು. "ಅವರನ್ನ ತೆಗೆದುಹಾಕ್ತೀನಿ ಮೇಡಂ," ಎಂದರು. "ಸ್ವಲ್ಪ ಇರಿ," ಎಂದರು ಡೈರೆಕ್ಟರ್.

ಅವಳಿಗೆ ಮೊದಲು ಬಂದದ್ದು ಪ್ರೀತಿಯಲ್ಲ, ಸಿಟ್ಟು. ಸುಳ್ಳು ಹೇಳಿದ್ದಾನೆ. ಚಾರ್ಟಿಗೆ ಅಡ್ಡ ನಿಂತದ್ದು ಇದಕ್ಕೆ. ಎರಡು ತಿಂಗಳಿಂದ ಮಾಡಿದ ದೋಣಿಯನ್ನು ದಡದಲ್ಲಿ ಕೂರಿಸಿಕೊಂಡು ದೊಡ್ಡ ತ್ಯಾಗಿಯಂತೆ ಕೈ ಕಟ್ಟಿ ಕೂತಿದ್ದಾನೆ, ತನ್ನನ್ನು ಒಂದು ಮಾತು ಕೇಳದೆ. ಆ ಸಿಟ್ಟಿನ ಅಡಿಯಿಂದ ಪ್ರೀತಿಯೂ ಬಂತು, ಒಟ್ಟಿಗೇ, ತಡೆಯಲಾಗದಷ್ಟು. ಅವನನ್ನು ಬಿಟ್ಟು ಹೋಗುವುದು ತನ್ನಿಂದ ಸಾಧ್ಯವೇ ಇಲ್ಲ ಎಂದು ಅವಳಿಗೆ ಆ ಕ್ಷಣ ಗೊತ್ತಾಯಿತು.

"ಸರ್, ಮೇಡಂ, ಇಪ್ಪತ್ತು ನಿಮಿಷ ಕೊಡಿ. ಕೊಡದೇ ಇದ್ರೂ ನಾನು ಹೋಗ್ಲೇಬೇಕು," ಎಂದು ಎದ್ದವಳು ಕಿಟಕಿ ತೆರೆದು, ಕೊರಳ ನರ ಉಬ್ಬುವ ಹಾಗೆ ಕೂಗಿದಳು. "ಮೇಸ್ತ್ರೀ! ಇಳಿಸ್ರೀ ದೋಣೀನ!"

ಅವನು ಬೆಚ್ಚಿ ಮೇಲೆ ನೋಡಿದ. "ಮೀಟಿಂಗ್?"

"ಮೀಟಿಂಗ್ ಮುಂದಕ್ಕೆ ಹಾಕಿದ್ದೀನಿ! ಇಳಿಸ್ತೀರೋ ಇಲ್ವೋ?"

ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲಿಳಿದು, ಅದೇ ಇಸ್ತ್ರಿ ಶರ್ಟು ಪೈಜಾಮದಲ್ಲಿ ಅವಳೂ ಹಗ್ಗ ಹಿಡಿದಳು. ಇಪ್ಪತ್ತೊಂದು ಜನ ಕೂಗಿ ಎಳೆದರು. ದಿಮ್ಮಿಗಳು ಕಿರುಗುಟ್ಟಿದವು. ದೋಣಿ ಮೊದಲು ಒಂದು ಮೊಳ ಜರುಗಿತು, ನಿಂತಿತು, ಆಮೇಲೆ ಒಮ್ಮೆಲೇ ಜಾರಿ ನೀರಿಗೆ ಬಿದ್ದು ತೇಲಿತು. ಮಂಡಿಯವರೆಗಿನ ನೀರಿನಲ್ಲಿ ನಿಂತ ಮೇಸ್ತ್ರಿ ದೋಣಿಯನ್ನು ನೋಡಲಿಲ್ಲ, ಅವಳನ್ನೇ ನೋಡಿದ. ಅವಳು ಬೈಯಲೆಂದು ಬಾಯಿ ತೆರೆದಳು. ಬೈಗುಳ ಒಂದೂ ನೆನಪಾಗದೆ ಮುಚ್ಚಿಕೊಂಡಳು.

ಮಧ್ಯಾಹ್ನ ಮೂರಕ್ಕೆ ಮ್ಯಾನೇಜರ್ ಮೇಲ್ ಬಂತು. ಕೆಲಸ ಚೆನ್ನಾಗಿದೆ. ಕಡಲ ತೀರದಲ್ಲೇ ಖಾಯಂ ಇರಬಹುದು. ಆದರೆ ಆ ದೋಣಿ ಶೆಡ್ಡಿನ ಪಕ್ಕದಲ್ಲಲ್ಲ. ಇನ್ನು ಹತ್ತು ದಿನದಲ್ಲಿ ಸದ್ದಿಲ್ಲದ ಜಾಗ ನೋಡಿಕೊಂಡು ತಿಳಿಸಬೇಕು.

ಮೂರು ತಿಂಗಳ ಹಿಂದೆ ಇದೇ ಮೇಲ್ ಬಂದಿದ್ದರೆ ಕುಣಿದಾಡುತ್ತಿದ್ದಳು. ಈಗ ಓದಿ ಅಳು ಬಂತು. ಕೆಳಗಿಳಿದು ಮೇಸ್ತ್ರಿಗೆ ತೋರಿಸಿದಳು. ಅವನು ತುಟಿ ಅಲ್ಲಾಡಿಸುತ್ತ ಎರಡು ಸಲ ಓದಿ, "ಒಳ್ಳೇದಾಯ್ತು," ಎಂದ. ಸುತ್ತಿಗೆ ತೆಗೆದುಕೊಂಡು ಎಲ್ಲಿಗೋ ಹೊರಟುಹೋದ.

ಒಳ್ಳೇದಾಯ್ತಂತೆ! ಬೆಳಿಗ್ಗೆ ಅಷ್ಟು ಮಾತಾಡಿದವನು ಇವನೇನಾ? ಅವಳು ರೂಮಿನಲ್ಲಿ ಒಂದು ಚೀಲ ತುಂಬಿದಳು, ಖಾಲಿ ಮಾಡಿದಳು, ಮತ್ತೆ ತುಂಬಿದಳು. ಕೆಳಗಿನಿಂದ ಮಧ್ಯೆ ಮಧ್ಯೆ ಜೋರಾಗಿ ಬಡಿಯುವ ಸದ್ದು ಕೇಳಿ, ಈ ಮನುಷ್ಯನಿಗೆ ಹೃದಯದ ಜಾಗದಲ್ಲಿ ಹಲಗೆಯೇ ಇದೆ ಎಂದುಕೊಂಡಳು.

ಐದೂವರೆಗೆ ಅವನು ಮೆಟ್ಟಿಲ ಬಳಿ ಬಂದು ನಿಂತ. "ಒಂದು ಜಾಗ ತೋರಿಸ್ಬೇಕು. ಬನ್ನಿ."

ಬೀದಿಯ ಕೊನೆಯವರೆಗೆ ನಡೆದು, ತಿರುವಿನಲ್ಲಿ ಏರು ಹತ್ತಿ, ಒಂದು ಹಳೆಯ ಕೋಣೆಯ ಬೀಗ ತೆಗೆದ. ಟೀಚರಮ್ಮ ಹಿಂದೆ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದ ಜಾಗ. ದಪ್ಪ ಗೋಡೆ, ಎರಡು ಕಿಟಕಿ, ಒಂದು ಮೇಜು. ಮೇಜಿನ ಒಂದು ಕಾಲಿಗೆ ಆಗಷ್ಟೇ ಹೊಸ ಮರ ಜೋಡಿಸಿದ್ದ.

"ಹದಿನೇಳು ನಿಮಿಷದ ದಾರಿ," ಎಂದ. "ದೊಡ್ಡಮ್ಮನ್ನ ಇಲ್ಲಿ ಕಿಟಕಿ ತೆಗೆಸಿ ಕೂರಿಸಿದ್ದೆ. ನಾನು ಶೆಡ್ಡಿಗೆ ಹೋಗಿ ಎಷ್ಟಾಗುತ್ತೋ ಅಷ್ಟು ಜೋರಾಗಿ ಬಡಿದೆ. ಮೂರು ಸಲ. ಒಂದು ಚೂರೂ ಕೇಳಿಸಲಿಲ್ಲ ಅಂದ್ರು."

ಅವಳ ಮೂಗಿನ ತುದಿ ಕೆಂಪಾಯಿತು. ಈ ಸಲ ಅದು ಬೇರೆ ಕೆಂಪು. "ನನ್ನ ಸಾಗಹಾಕೋಕೆ ಇಷ್ಟೊಂದು ಅವಸರಾನಾ ನಿಮಗೆ?"

"ಸಾಗಹಾಕೋದಾ?" ಮೇಸ್ತ್ರಿ ಕಣ್ಣು ಕಣ್ಣು ಬಿಟ್ಟ. "ಅಯ್ಯೋ ಮಾರಾಯ್ತಿ, ಇದು ಕೆಲಸ ಮಾಡೋಕೆ ರೀ! ಬೆಳಿಗ್ಗೆ ಬಂದು ಕೂತ್ಕೊಂಡು ಮೀಟಿಂಗ್ ಮಾಡೋಕೆ. ಇಲ್ಲೇ ಇರಿ ಅಂತ ಯಾರು ಹೇಳಿದ್ರು?"

"ಮತ್ತೆ ಇರೋದು ಎಲ್ಲಿ?"

ಅವನು ಮೇಜಿನ ಕಾಲನ್ನು ಅಲ್ಲಾಡಿಸಿ ನೋಡಿದ. ಅದು ಅಲ್ಲಾಡಲಿಲ್ಲ. ಇನ್ನೊಂದು ಕಾಲನ್ನೂ ನೋಡಿದ.

"ಮೇಸ್ತ್ರಿ, ಆ ಮೇಜು ಬಿಡಿ. ಇರೋದು ಎಲ್ಲಿ?"

"ನಮ್ಮನೇಲಿ," ಎಂದ ಅವನು ಮೇಜಿಗೆ. ಕಿವಿಗಳು ಕೆಂಪಾಗಿದ್ದವು. ಆಮೇಲೆ ತಲೆಯೆತ್ತಿ, ಇಷ್ಟು ಹತ್ತಿರದಿಂದ ಮೊದಲ ಬಾರಿಗೆ ಲೋಟವೂ ಚಾರ್ಟೂ ಅಡ್ಡವಿಲ್ಲದೆ ನೇರವಾಗಿ ಅವಳನ್ನು ನೋಡಿದ. "ನನ್ನ ಮದುವೆ ಆಗ್ತೀರಾ? ನನಗೆ ಚೆಂದ ಮಾಡಿ ಹೇಳೋಕೆ ಬರಲ್ಲ. ನೀವು ಕಿಟಕಿ ತೆಗೆದು ಬೈದಿಲ್ಲ ಅಂದ್ರೆ ಆ ದಿನ ನನಗೆ ಕೆಲಸ ಓಡಲ್ಲ."

ಅವಳು ಕಿಟಕಿಯ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ನಗುವೋ ಅಳುವೋ ತಿಳಿಯದ ಒಂದು ಸದ್ದು ಅವಳ ಗಂಟಲಿನಿಂದ ಹೊರಟಿತು. "ದಿನಾ ಎರಡು ಗಂಟೆ ಬಸ್ಸಲ್ಲಿ ಆಫೀಸಿಗೆ ಹೋಗಿ ಬಂದು ಸಾಕಾಗಿ ರೀ ನಾನು ನಗರ ಬಿಟ್ಟಿದ್ದು. ಈಗ ನೀವು ನನಗೊಂದು ಆಫೀಸು ಮಾಡ್ಕೊಟ್ಟು, ದಿನಾ ಬೆಳಿಗ್ಗೆ ಹೋಗು ಅಂತೀರಾ?"

"ಬೇಡ ಅಂದ್ರೆ..."

"ಬೇಡ ಅಂತ ಯಾರಂದ್ರು? ಒಂದು ಮಾತು ಪೂರ್ತಿ ಕೇಳೋ ಅಭ್ಯಾಸಾನೇ ಇಲ್ಲ ನಿಮಗೆ!" ಅವಳು ಎದ್ದು ಬಂದು, ಮೂರು ತಿಂಗಳಿಂದ ಕೈ ತುರಿಸುತ್ತಿದ್ದ ಕೆಲಸ ಮಾಡಿದಳು. ಹೆಬ್ಬೆರಳಿನಿಂದ ಅವನ ಹುಬ್ಬಿನ ಮೇಲಿನ ಮರದ ಪುಡಿ ಒರೆಸಿದಳು. ಮೊದಲು ಎಡದ್ದು, ಆಮೇಲೆ ಬಲದ್ದು. ಅವನು ಉಸಿರು ಬಿಗಿಹಿಡಿದು ನಿಂತಿದ್ದ. "ಆಗ್ತೀನಿ. ನಿಮ್ಮನ್ನೇ ಆಗ್ತೀನಿ. ಆದ್ರೆ ಇನ್ನೊಂದ್ಸಲ ನನಗೋಸ್ಕರ ಅಂತ ಸುಳ್ಳು ಹೇಳಿದ್ರೆ ನೋಡಿ."

"ಇಲ್ಲ. ಹೇಳಲ್ಲ."

"ಸಂಜೆ ಐದೂವರೆಗೆ ನನ್ನ ಕೆಲಸ ಮುಗಿಯುತ್ತೆ. ಕರ್ಕೊಂಡು ಹೋಗೋಕೆ ಬರ್ತೀರಾ?"

ಅವನು ಯೋಚಿಸಿದ. ನಿಜವಾಗಿಯೂ, ಬೆರಳು ಮಡಚಿ ಲೆಕ್ಕ ಹಾಕುತ್ತ ಯೋಚಿಸಿದ. "ಆ ಹೊತ್ತಿಗೆ ಉಬ್ಬರ ಇಲ್ಲದ ದಿನ ಖಂಡಿತ ಬರ್ತೀನಿ," ಎಂದ. "ಉಬ್ಬರ ಇರೋ ದಿನ ನೀವೇ ಬರಬೇಕಾಗುತ್ತೆ."

ಅವಳಿಗೆ ರೇಗಿತು. ಇಂಥ ಹೊತ್ತಿನಲ್ಲೂ ಒಂದು ಸುಳ್ಳು ಹೇಳಲಾರದ ಮನುಷ್ಯನ ಕೈ ಹಿಡಿದುಕೊಂಡು, ಅವಳು ಹೊರಗೆ ಬಂದು ಬಾಗಿಲಿಗೆ ಬೀಗ ಹಾಕಿದಳು.